ಸೂತಕವಿಲ್ಲದ ಮನೆಯ ತಾಟು

ನಮ್ಮ ಮನೆಯಲ್ಲಿ ಸೂತಕವಿಲ್ಲ ಎಂಬುದು ದೊಡ್ಡಪ್ಪನ ಹೆಮ್ಮೆ. ಅಜ್ಜ ತೀರಿಕೊಂಡ ದಿನವೂ ರಬಕವಿಯ ಆ ಮನೆಯಲ್ಲಿ ಲಿಂಗಪೂಜೆ ನಿಲ್ಲಲಿಲ್ಲ, ಒಲೆ ಆರಲಿಲ್ಲ. ಬಂದವರಿಗೆಲ್ಲ ಅದನ್ನೇ ಹೇಳುತ್ತಿದ್ದ.

ಅದೇ ದೊಡ್ಡಪ್ಪ, ದೊಡ್ಡವ್ವ ಆಸ್ಪತ್ರೆಯಿಂದ ಮರಳಿದ ದಿನ ಆಕೆಯ ಹಾಸಿಗೆಯನ್ನು ಮಗ್ಗದ ಕೋಣೆಗೆ ಹಾಕಿಸಿದ. ಉಣ್ಣಲು ಒಂದು ಹಳೆಯ ಅಲ್ಯುಮಿನಿಯಂ ತಾಟನ್ನು ಬೇರೆ ತೆಗೆದಿರಿಸಿದ.

ಆಕೆಯ ಕರುಳಿನಲ್ಲಿ ಶುರುವಾದ ಗಡ್ಡೆ ಯಕೃತ್ತಿಗೂ ಹಬ್ಬಿತ್ತು. ಕೊಟ್ಟದ್ದು ಪೆಪ್ಟೈಡ್ ಔಷಧ. ದೂರದ ಊರಿನ ಪ್ರಯೋಗಾಲಯದಲ್ಲಿ ನಾನು ಅಂಥವನ್ನೇ ಕಟ್ಟಲು ಕಲಿಯುತ್ತಿದ್ದೆ. ಅಮೈನೋ ಆಮ್ಲಗಳನ್ನು ಮಣಿಯಂತೆ ಒಂದೊಂದಾಗಿ ಪೋಣಿಸಿದ ಪುಟ್ಟ ಸರ ಅದು. ತುದಿಗೊಂದು ಪಂಜರ, ಅದರೊಳಗೆ ವಿಕಿರಣ ಸೂಸುವ ಲೋಹ. ಈ ಬಗೆಯ ಗಡ್ಡೆಯ ಜೀವಕೋಶಗಳ ಮೈತುಂಬ ಒಂದು ಗ್ರಾಹಕವಿರುತ್ತದೆ. ಸರ ಹೋಗಿ ಅದಕ್ಕೆ ಅಂಟಿಕೊಂಡರೆ ಲೋಹ ಅಲ್ಲೇ ಸುಡುತ್ತದೆ. ಒಂದು ಮಣಿ ತಪ್ಪಿದರೂ ಅಂಟುವುದಿಲ್ಲ. ಆ ವರ್ಷ ನಾನು ಕಟ್ಟಿದ ಹದಿನಾಲ್ಕರಲ್ಲಿ ಅಂಟಿದ್ದು ಎರಡು. ಉಳಿಕೆ ಔಷಧ ಮೂತ್ರದಲ್ಲಿ ಹೊರಟುಹೋಗುತ್ತದೆ. ಅದಕ್ಕೇ ಡಾಕ್ಟರು, ಹತ್ತು ದಿನ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ, ಪಾಯಖಾನೆಗೆ ಎರಡೆರಡು ಸಲ ನೀರು ಹಾಕಿ ಎಂದಿದ್ದರು. ತಾಟು ತೊಳೆದರೆ ಸಾಕು ಎಂದಿದ್ದರು.

ರಜೆಯ ಮೇಲೆ ಬಂದ ನಾನು ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟು ಎಳೆಯುತ್ತಿದ್ದೆ. ನನಗಿಂತ ಹೆಚ್ಚು ದೊಡ್ಡವ್ವನೇ ಅದನ್ನು ನೋಡುತ್ತಿದ್ದಳು. ಹನ್ನೊಂದನೆಯ ಬೆಳಿಗ್ಗೆ ತಲೆಗೆ ಎರೆದುಕೊಂಡು, ಸೆರಗು ಹಾಸಿಕೊಂಡು ಕೂತಳು. ಸೊಸೆ ಮಗುವನ್ನೆತ್ತಿಕೊಂಡು ಬಂದಳು. ದೊಡ್ಡಪ್ಪ ಹೊಸ್ತಿಲಲ್ಲೇ ತಡೆದ. ಅಂಚು ಮುಕ್ಕಾದ ಅದೇ ಜರ್ಮನ್ ತಾಟಿನಲ್ಲಿ ರೊಟ್ಟಿ ಹಾಕಿಸಿ, ಕಾಲಿನಿಂದ ಒಳಗೆ ನೂಕಿದ.

ಆ ಕಾಲು ನೋಡಿ ಹೇಸಿಕೆ ಬಂತು. ಪ್ರಯೋಗಾಲಯದಲ್ಲಿ ನಾವು ಕಟ್ಟಿದ ಸರವನ್ನು ರಾಳದ ಹರಳಿನಿಂದ ಬಿಡಿಸುವ ದ್ರಾವಣ ಕೊಳೆತ ಎಲೆಕೋಸಿನಂತೆ ನಾರುತ್ತದೆ. ಅದಕ್ಕೆ ನನ್ನ ಮೂಗು ಒಗ್ಗಿತ್ತು, ಇದಕ್ಕೆ ಒಗ್ಗಲಿಲ್ಲ. ಡಾಕ್ಟರಿಗೆ ಫೋನ್ ಹಚ್ಚಿ ದೊಡ್ಡಪ್ಪನ ಕಿವಿಗೆ ಹಿಡಿದೆ. ಹೂಂ ಹೂಂ ಎಂದು ಕೇಳಿ, ಮಂದಿ ಮಾತಾಡುತ್ತಾರೆ ಎಂದು ಎದ್ದುಹೋದ.

ಮಧ್ಯಾಹ್ನ ಬನಹಟ್ಟಿಯ ವ್ಯಾಪಾರಿ ಸೀರೆ ಒಯ್ಯಲು ಬಂದ. ಅವುಗಳಲ್ಲಿ ಮೂರಕ್ಕೆ ಕುಚ್ಚು ಕಟ್ಟಿದವಳು ದೊಡ್ಡವ್ವ, ಅದೇ ಕೋಣೆಯಲ್ಲಿ, ಅದೇ ಹತ್ತು ದಿನಗಳಲ್ಲಿ. ದೊಡ್ಡಪ್ಪ ಅವನ್ನು ಎದೆಗವಚಿ ತಂದು, ಒಂದರ ಸೆರಗನ್ನು ಕೆನ್ನೆಗೆ ಒತ್ತಿ ನುಣುಪು ತೋರಿಸಿದ.

ದೊಡ್ಡವ್ವ ಒಳಗಿನಿಂದ ನೋಡುತ್ತಿದ್ದಳು. ತಾಟು ಹಿಡಿದು ಪಡಸಾಲೆಗೆ ಬಂದಳು.

"ನಾ ಮುಟ್ಟಿದ ಸೀರಿ ನಡೀತೈತಿ, ನಾ ಉಂಡ ತಾಟು ನಡ್ಯಂಗಿಲ್ಲೇನ್ರಿ? ಸೂತಕ ಇಲ್ಲದ ಮನಿ ಇದು. ಮತ್ತ ಇದಕ್ಕೇನ ಹೆಸರಿಟ್ಟೀರಿ?"

ವ್ಯಾಪಾರಿ ಸೀರೆಯ ಮೇಲಿನ ಕೈ ತೆಗೆದ.

"ಹಂಗೇನಿಲ್ರಿ ಸಾವಕಾರ್ರ," ದೊಡ್ಡಪ್ಪನ ದನಿ ಮೆತ್ತಗಾಯಿತು. "ಹತ್ತ ದಿನದ ಮಾತದು, ಮುಗದ ಹೋಗೇತಿ. ಡಾಕ್ಟರ್ ಖುದ್ದ ನನಗ ಹೇಳ್ಯಾರ."

ಹೇಳಿದ್ದಷ್ಟೇ ಅಲ್ಲ. ಸೊಸೆಯ ಕೈಯಿಂದ ಮಗುವನ್ನು ಕಸಿದು ತಂದು, ವ್ಯಾಪಾರಿ ನೋಡುತ್ತಿದ್ದಂತೆ ದೊಡ್ಡವ್ವನ ಮಡಿಲಲ್ಲಿ ಕೂರಿಸಿದ. ಮಗು ಆಕೆಯ ಮೂಗುತಿಗೆ ಕೈ ಹಾಕಿತು. ವ್ಯಾಪಾರಿ ಸೀರೆ ಎಣಿಸಿ ಗಂಟು ಕಟ್ಟಿಕೊಂಡ.

ಸಂಜೆ ಎಲ್ಲರೂ ಒಂದೇ ಸಾಲಿನಲ್ಲಿ ಕೂತೆವು. ವಿಜ್ಞಾನ ಭಾಳ ಮುಂದುವರಿದಿದೆ ಎನ್ನುತ್ತ ದೊಡ್ಡಪ್ಪ ನನ್ನ ತಾಟಿಗೆ ತಾನೇ ಶೇಂಗಾ ಹೋಳಿಗೆ ಹಾಕಿದ. ನಾನು ಅದನ್ನು ತಾಟಿನ ಅಂಚಿಗೆ ಸರಿಸಿದೆ. ದೊಡ್ಡವ್ವ ಅದನ್ನೂ ತನ್ನ ತಾಟಿಗೆ ಎಳೆದುಕೊಂಡು, ಮಗುವಿಗೆ ತುತ್ತು ಕೊಡುತ್ತ ಉಂಡಳು.