ನಕ್ಷತ್ರ ಬಿದ್ದ ಗುಂಡಿಗೆ ಬೆನ್ನು ಹಾಕಿ

ಪ್ರಸಿದ್ಧವಾದ ಜಾಗಕ್ಕೆ ಹೋದ ಜನ ಮೊದಲು ಮಾಡುವ ಕೆಲಸವೆಂದರೆ ಅದಕ್ಕೆ ಬೆನ್ನು ಹಾಕಿ ನಿಲ್ಲುವುದು. ನೀವೂ ಮಾಡಿದ್ದೀರಿ, ಸುಳ್ಳು ಹೇಳಬೇಡಿ. ಬೆಟ್ಟವಾಗಲಿ, ಕೋಟೆಯಾಗಲಿ, ದೇವರೇ ಕುಳಿತು ಕೆತ್ತಿದಂಥ ಕಣಿವೆಯಾಗಲಿ, ಅದು ಹಿಂದೆ. ಮುಂದೆ ನಮ್ಮ ಹಲ್ಲು. ನಾನು ಶಾಲೆಯಲ್ಲಿ ಹೆಚ್ಚು ಕೂತವಳಲ್ಲ. ಸೃಷ್ಟಿ, ಸೌಂದರ್ಯ ಎಂಬ ದೊಡ್ಡ ಮಾತುಗಳನ್ನೆಲ್ಲ ಪಾದ್ರಿಗಳ ಪ್ರವಚನದಲ್ಲಿ, ನಿದ್ದೆ ಬಾರದ ದಿನಗಳಲ್ಲಿ ಕಲಿತವಳು. ಆದರೂ ನೋಡಲು ಬಂದದ್ದರ ಕಡೆಗೆ ಮುಖ ಮಾಡಬೇಕೆಂಬಷ್ಟು ವಿದ್ಯೆ ನನಗಿದೆ.

ಈ ತತ್ತ್ವಜ್ಞಾನ ನನಗೆ ಅಂಟಿದ್ದು ಒಮಾನಿನಲ್ಲಿ. ಅಲ್ಲಿ ಅಲ್ ಹೈಲ್ ಎಂಬ ಕಡೆ ನನ್ನ ಮಗಳು ಜೆಸಿಂತಾಳ ಸಂಸಾರ. ಅಳಿಯ ರೋನಿ ಒಂದು ಕಂಪೆನಿಯ ಸ್ಟೋರ್ ನೋಡಿಕೊಳ್ಳುತ್ತಿದ್ದವನು; ಮೊಮ್ಮಗಳು ಶರಲ್ ಅಲ್ಲೇ ಹುಟ್ಟಿ ಬೆಳೆದವಳು. ಕಂಪೆನಿ ಜನ ಕಡಿಮೆ ಮಾಡಿತು, ವೀಸಾ ಮುಂದುವರಿಯಲಿಲ್ಲ, ಹುಡುಗಿಯ ಪರೀಕ್ಷೆ ಮುಗಿದ ಕೂಡಲೇ ಊರಿಗೆ ಹೊರಡುವುದೆಂದಾಯಿತು. ಸಾಮಾನು ಕಟ್ಟಲು ಕೈ ಬೇಕೆಂದು ನನ್ನನ್ನು ಕರೆಸಿದರು. ಬಂದು ನೋಡಿದರೆ ಕಟ್ಟುವವರೇ ಇಲ್ಲ. ಇಷ್ಟು ವರ್ಷ ಆಫೀಸು, ಇಗರ್ಜಿ, ಸೂಪರ್‌ಮಾರ್ಕೆಟು ಬಿಟ್ಟರೆ ಏನನ್ನೂ ನೋಡದವರು, ಈಗ ಶುಕ್ರವಾರ ಬಂತೆಂದರೆ ದೇಶವನ್ನೇ ಫೋಟೊದಲ್ಲಿ ತುಂಬಿಕೊಳ್ಳಲು ಹೊರಡುತ್ತಿದ್ದರು. ದೊಡ್ಡ ಮಸೀದಿಯ ಮುಂದೆ ಒಂದು, ಮತ್ರಾ ಬಂದರಿನ ಹಡಗುಗಳ ಮುಂದೆ ಒಂದು, ನಿಜ್ವಾ ಕೋಟೆಯ ಮುಂದೆ ಒಂದು.

ಎಲ್ಲದರಲ್ಲೂ ಶರಲ್ ತುದಿಯಲ್ಲಿ ನಿಂತಿದ್ದಾಳೆ, ಹಾಗಲಕಾಯಿ ಕಷಾಯ ಕುಡಿದ ಮುಖ. ಸುದ್ದಿ ತಿಳಿದಂದಿನಿಂದ ಅವಳು ತಂದೆಯ ಜೊತೆ ಮಾತು ಬಿಟ್ಟಿದ್ದಳು. ಕಂಪೆನಿ ಮಾಡಿದ್ದಕ್ಕೆ ಅಪ್ಪನಿಗೆ ಶಿಕ್ಷೆ. ಹೀಗೆ ಬಾಯಿ ಹೊಲಿದುಕೊಂಡೇ ವಿಮಾನ ಹತ್ತಿದರೆ ಇವಳು ಊರಿನಲ್ಲೂ ಬೇರು ಬಿಡುವವಳಲ್ಲ ಎಂಬ ಚಿಂತೆ ನನಗಿತ್ತು. ರೋನಿಗೆ ಇನ್ನೂ ಹೆಚ್ಚಿತ್ತು. ಅವನು ಅದನ್ನು ಸೆಲ್ಫಿ ಕೋಲಿನ ತುದಿಗೆ ಸಿಕ್ಕಿಸಿಕೊಂಡು ತಿರುಗುತ್ತಿದ್ದ.

ಒಂದು ಶುಕ್ರವಾರ ಸೂರ್ ರಸ್ತೆಯಲ್ಲಿರುವ ಬಿಮ್ಮಾ ಗುಂಡಿಗೆ ಹೋದೆವು. ಬೋಳು ನೆಲದ ನಡುವೆ ಒಂದು ಮಹಾಕೂಪ, ತಳದಲ್ಲಿ ಪಾಚಿಯಲ್ಲದ ಹಸಿರು, ಆಕಾಶವಲ್ಲದ ನೀಲಿ ಕಲಸಿದ ನೀರು. ನಕ್ಷತ್ರ ಬಿದ್ದು ಆದದ್ದೆಂದು ಅಲ್ಲಿಯವರು ಹೇಳುತ್ತಾರೆ. ಬಿದ್ದ ನಕ್ಷತ್ರಕ್ಕೆ ಸರ್ಕಾರ ಮೆಟ್ಟಿಲು ಕಟ್ಟಿಸಿದೆ. ನನ್ನ ಮಂಡಿಯ ಬಗ್ಗೆ ಯೋಚಿಸಿಲ್ಲ. ಗೊಣಗುತ್ತಾ ಇಳಿದು ಕೊನೆಯ ಮೆಟ್ಟಿಲಲ್ಲಿ ಕುಳಿತೆ. ರೋನಿ ಹೆಂಡತಿ ಮಗಳನ್ನು ಸಾಲಾಗಿ ನಿಲ್ಲಿಸಿದ, ಕೈ ಕಟ್ಟಿ, ಗಂಭೀರವಾಗಿ, ನೀರಿಗೆ ಬೆನ್ನು ಹಾಕಿ.

ಆ ನಿಲುವು ನನಗೆ ಚೆನ್ನಾಗಿ ಗೊತ್ತು. ನಮ್ಮ ಕ್ರೈಸ್ತರಲ್ಲಿ ಸತ್ತವರ ಪೆಟ್ಟಿಗೆ ಮುಚ್ಚುವ ಮೊದಲು ಮನೆಯವರೆಲ್ಲ ಸುತ್ತ ನಿಂತು ಒಂದು ಫೋಟೊ ತೆಗೆಸುವ ಪದ್ಧತಿ. ನಮ್ಮ ಯಜಮಾನರು ತೀರಿಕೊಂಡಾಗಿನ ಫೋಟೊದಲ್ಲಿ ನನ್ನ ನಾದಿನಿ ಕ್ಯಾಮರಾ ಕಂಡ ಅಭ್ಯಾಸಬಲದಿಂದ ನಕ್ಕುಬಿಟ್ಟಿದ್ದಾಳೆ. ಎಲ್ಲರಿಗಿಂತ ಚಂದ ಬಂದವಳು ಅವಳೇ, ಅವರನ್ನು ಬಿಟ್ಟರೆ.

"ರೋನಿ, ಪೆಟ್ಟಿಗೆ ಎಲ್ಲಿ?" ಎಂದೆ.

"ಯಾವ ಪೆಟ್ಟಿಗೆ, ಮಾಯ್?"

"ಇಷ್ಟು ಶಿಸ್ತಾಗಿ ನಿಂತಿದ್ದೀರಲ್ಲ, ಮಲಗಿದ್ದು ಯಾರು ಅಂತ ಕೇಳಿದೆ."

ಜೆಸಿಂತಾ ಶಿಲುಬೆಯ ಗುರುತು ಮಾಡಿಕೊಂಡಳು. ಶರಲ್ ಮೂಗಿನಲ್ಲಿ ಒಂದು ಸದ್ದು ಮಾಡಿ, ತಡೆಯಲಾರದೆ ನಕ್ಕಳು. "ಒಮಾನ್, ಗ್ರ್ಯಾನಿ. ಪಪ್ಪ ಒಮಾನನ್ನು ಮಣ್ಣು ಮಾಡ್ತಿದ್ದಾರೆ."

ರೋನಿ ಕೋಲು ಇಳಿಸಿದ. "ನಿನಗೆ ನೆನಪಿರಲಿ ಅಂತ, ಬಾಯ್," ಎಂದು ಮಗಳಿಗೆ ಹೇಳಿದ.

ಹುಡುಗಿ ನೀರಿನ ಕಡೆ ತಿರುಗಿ, ಚಪ್ಪಲಿ ಬಿಟ್ಟು ಅಂಚಿನಲ್ಲಿ ಕುಳಿತಳು. ಆಮೇಲೆ ಅವನನ್ನೇ ನೋಡಿ, "ನಾನಿನ್ನೂ ಸರಿ ನೋಡಲೇ ಇಲ್ಲ, ಪಪ್ಪ," ಎಂದಳು.

ಅಷ್ಟು ದಿನಕ್ಕೆ ಅಪ್ಪನಿಗೆ ಸಿಕ್ಕ ಮೊದಲ ಮಾತು ಅದು. ಅವನು ಫೋನನ್ನು ನನ್ನ ಮಡಿಲಿಗೆ ಹಾಕಿ, ಪ್ಯಾಂಟು ಮಡಚಿ, ಅವಳ ಪಕ್ಕದಲ್ಲಿ ನೀರಿಗೆ ಕಾಲಿಳಿಬಿಟ್ಟು ಕುಳಿತ. ಅಲ್ಲಿನ ಸಣ್ಣ ಮೀನುಗಳು ಕಾಲು ಕಚ್ಚುತ್ತವೆ. ದೊಡ್ಡ ಗಂಡಸು ಕಚಗುಳಿಗೆ ಕೂಗಿಕೊಂಡ. ಶರಲ್ ಓಡಿ ಬಂದು ಫೋನು ಕಿತ್ತುಕೊಂಡು, ಮತ್ತೆ ಅವನ ಪಕ್ಕ ನೀರಿಗೆ ಕಾಲಿಳಿಸಿ ಕೂತು ಒಂದೇ ಒಂದು ಫೋಟೊ ತೆಗೆದಳು: ನೀರು, ಮೀನು, ನಾಲ್ಕು ಪಾದ. ಇದು ಯಾರೆಂದು, ಯಾವ ಊರೆಂದು ನೋಡಿದವರಿಗೆ ಹೇಗೆ ತಿಳಿಯಬೇಕು ಎಂದು ಜೆಸಿಂತಾ ಗೊಣಗಿದಳು. ನೋಡುವವರ ಗೋಜು ಅವರಿಗಿರಲಿ ಎಂದೆ.

ಬರುವಾಗ ಹುಡುಗಿ ಅಪ್ಪನ ಪಕ್ಕದ ಸೀಟಿನಲ್ಲಿ ಕುಳಿತಳು. ದಾರಿಯಲ್ಲಿ ಹಿಂದೆ ತಿರುಗಿ, "ಗ್ರ್ಯಾನಿ, ನಿಮ್ಮ ಊರಲ್ಲಿ ನೋಡ್ಲಿಕ್ಕೆ ಎಂತ ಉಂಟು?" ಎಂದು ಕೇಳಿದಳು.

ಎಂತದೂ ಇಲ್ಲ ಎನ್ನಲು ಬಾಯಿ ತೆರೆದವಳಿಗೆ ಮಲ್ಪೆಯ ಎದುರಿನ ದ್ವೀಪ ನೆನಪಾಯಿತು. ಕಂಬ ಕಂಬವಾಗಿ ನಿಂತ ಅಲ್ಲಿನ ಕಲ್ಲುಗಳ ಫೋಟೊಗೆಂದು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಇಡೀ ಆಯುಷ್ಯ ಮಲ್ಪೆಯಲ್ಲಿ ಬಂಗುಡೆಗೆ ಚೌಕಾಸಿ ಮಾಡಿದ ನಾನು ಒಂದು ಸಲವೂ ದೋಣಿ ಹತ್ತಿದವಳಲ್ಲ. ಅದನ್ನೂ ಹೇಳಿದೆ.

"ಹಾಗಾದ್ರೆ ಮೊದಲ ಆದಿತ್ಯವಾರವೇ ಗ್ರ್ಯಾನಿಯನ್ನು ಕರ್ಕೊಂಡು ಹೋಗುವ, ಪಪ್ಪ."

ಮಳೆ ಹಿಡಿದರೆ ದೋಣಿ ಬಿಡುವುದಿಲ್ಲ, ಅದಕ್ಕೆ ಮೊದಲು ಊರು ಸೇರಬೇಕು ಎಂದೆ. ಶರಲ್ ಎದುರಾಡಲಿಲ್ಲ, ಮಳೆ ಯಾವಾಗ ಹಿಡಿಯುತ್ತದೆ ಎಂದು ಅಪ್ಪನನ್ನು ಕೇಳಿದಳು.