ಹುರಿಯಣ್ಣನ ಗಡುಸು ಹಗ್ಗ

ಹಗ್ಗ ಹೊಸೆಯುವ ಆ ಶೆಡ್ಡು ಅರವತ್ತು ಹೆಜ್ಜೆ ಉದ್ದ. ಅಗಲ ಮಾತ್ರ ಇಬ್ಬರು ಭುಜ ತಾಗಿಸಿಕೊಂಡು ನಡೆಯುವಷ್ಟು. ಒಂದು ತುದಿಯಲ್ಲಿ ಚಕ್ರ ತಿರುಗಿಸುವ ಅಣ್ಣ, ಇನ್ನೊಂದು ತುದಿಯಲ್ಲಿ ಸೊಂಟಕ್ಕೆ ಪಟ್ಟಿ ಬಿಗಿದು ಎಳೆಗಳನ್ನು ಹಿಡಿದ ತಮ್ಮ. ಮೂವತ್ತೊಂದು ವರ್ಷ ಹೀಗೇ ಎದುರುಬದುರು ನಿಂತರು. ಅಣ್ಣನನ್ನು ಬೀದಿಯವರೆಲ್ಲ ಹುರಿಯಣ್ಣ ಎನ್ನುತ್ತಿದ್ದರು. ಮದುವೆಯಾಗದ ಅವನು ತಮ್ಮನ ಮನೆಯಲ್ಲೇ ಇದ್ದ.

ಹುರಿ ಏರಿದಂತೆ ಹಗ್ಗ ಗಿಡ್ಡವಾಗುತ್ತದೆ. ತುದಿ ಹಿಡಿದವನು ಆಗ ಒಂದೊಂದೇ ಹೆಜ್ಜೆ ಮುಂದೆ ಬರಬೇಕು. ಅವಸರಪಟ್ಟರೆ ಹಗ್ಗ ಸಡಿಲ, ಬಾರದೆ ನಿಂತರೆ ಗಡುಸು. ಅರವತ್ತು ಹೆಜ್ಜೆಯ ಎಳೆ ಹಗ್ಗವಾಗುವಷ್ಟರಲ್ಲಿ ಒಟ್ಟು ಇಪ್ಪತ್ತು ಹೆಜ್ಜೆ ಮುಂದೆ. ಯಾವಾಗ ಬರಬೇಕೆಂದು ತಮ್ಮನಿಗೆ ಯಾರೂ ಹೇಳಬೇಕಿರಲಿಲ್ಲ.

"ಇಡೀ ದಿನ ಮಾತೇ ಇಲ್ವಲ್ಲ, ಅಣ್ಣ ತಮ್ಮ ಮುನಿಸಿಕೊಂಡಿದೀರಾ?" ಎಂದು ಯಾರಾದರೂ ಕೇಳಿದರೆ ತಮ್ಮ ಕೈಯಲ್ಲಿನ ಹಗ್ಗ ಅಲ್ಲಾಡಿಸುತ್ತಿದ್ದ. "ಈಗ ತಾನೇ ನನ್ನ ಬೈದ. ನಿಮಗೆ ಕೇಳಿಸ್ಲಿಲ್ವಾ?"

ಕಳೆದ ವರ್ಷ ಒಂದು ಬೆಳಿಗ್ಗೆ ಅದೇ ಶೆಡ್ಡಿನಲ್ಲಿ ತಮ್ಮ ಕುಸಿದು ಕೂತ, ಏಳಲಿಲ್ಲ. ಹೃದಯ ನಿಂತಿತ್ತು. ತಿಂಗಳು ಕಳೆದ ಮೇಲೆ ಹುರಿಯಣ್ಣ ಅವನು ನಿಲ್ಲುತ್ತಿದ್ದ ಕಡೆ ಕಬ್ಬಿಣದ ಕಂಬ ನೆಟ್ಟು, ಎಳೆಗಳನ್ನು ಅದಕ್ಕೇ ಕಟ್ಟಿ, ಒಬ್ಬನೇ ಚಕ್ರ ತಿರುಗಿಸತೊಡಗಿದ.

ಆ ಹಗ್ಗಗಳಲ್ಲಿ ಒಂದನ್ನು ಹಿಂದಕ್ಕೆ ತಂದವಳು ಶಾಲೆಯ ವ್ಯಾಯಾಮದ ಟೀಚರು. ಬೆಳಗಿನ ಹೊತ್ತು ಮೈದಾನದಲ್ಲಿ ಏಳೆಂಟು ಹೆಂಗಸರನ್ನು ಕಟ್ಟಿಕೊಂಡು ಹಗ್ಗ ಬೀಸುವುದನ್ನು ಕಲಿಸುತ್ತಿದ್ದಳು. ಜಿಗಿಯುವುದಲ್ಲ, ಸುಮ್ಮನೆ ಬೀಸುವುದು. ಬೀದಿಯವರು ಅವಳಿಗೆ ಗಾಳಿ ಮೇಡಂ ಎಂದು ಹೆಸರಿಟ್ಟಿದ್ದರು.

"ಅಣ್ಣಾ, ಇದು ಹಗ್ಗಾನಾ ದೊಣ್ಣೇನಾ? ಬಾಗೋದೇ ಇಲ್ಲ."

"ಲಾರಿ ಕಟ್ಟಿ ನೋಡಿ ಮೇಡಂ, ಜಪ್ಪಯ್ಯ ಅಂದ್ರೂ ಜಗ್ಗಲ್ಲ."

"ಲಾರಿ ಯಾಕೆ ಕಟ್ಲಿ? ಮನಸ್ಸು ಒಂದು ಕಡೆ ನಿಲ್ಲಿಸೋಕೆ ಬೇಕಾಗಿರೋದು. ನೋಡಿ."

ಅವಳು ತನ್ನ ಹಳೆಯ ಹಗ್ಗ ತೆಗೆದಳು. ಎರಡು ತುದಿ ಎರಡು ಕೈಯಲ್ಲಿ. ಹಗ್ಗ ಬಲಗಡೆ ನೆಲ ಸವರಿ ಎದ್ದು, ಎದೆಯ ಮುಂದೆ ಹಾದು, ಎಡಗಡೆ ಇಳಿಯಿತು. ಮತ್ತೆ ಬಲಕ್ಕೆ. ನೆಲ ಸವರುವ ಸದ್ದು ಒಂದೇ ಸಮ, ಉಸಿರೂ ಒಂದೇ ಸಮ.

"ಮನಸ್ಸು ಎಲ್ಲಾದ್ರೂ ಹೋಯ್ತೋ, ಹಗ್ಗ ಮೊಣಕಾಲಿಗೆ ಬಡಿದು ಕರ್ಕೊಂಡು ಬರುತ್ತೆ. ಮೆತ್ತಗಿದ್ರೆ ನೋವಿಲ್ಲ. ಇಂಥದ್ದಾದ್ರೆ ಮೂಳೆ ಪುಡಿ."

"ಯಾರಿಗೆ ಇದು?"

ಟೀಚರು ಹಗ್ಗ ಸುತ್ತಿಟ್ಟಳು. "ನಿಮ್ಮ ತಮ್ಮನ ಹೆಂಡತಿಗೆ. ನಿದ್ದೆ ಇಲ್ಲ, ಕೈ ನಡುಗುತ್ತೆ. ಬೀಸೋ ಹತ್ತು ನಿಮಿಷ ಮಾತ್ರ ನಡುಗಲ್ಲ. ಎತ್ತರದ ಹೆಂಗಸು, ನನ್ನ ಹಗ್ಗ ಅವರಿಗೆ ಗಿಡ್ಡ."

ಒಂದೇ ಮನೆಯಲ್ಲಿದ್ದೂ ಹುರಿಯಣ್ಣನಿಗೆ ಇದು ಗೊತ್ತಿರಲಿಲ್ಲ. ವರ್ಷದಿಂದ ಅವನು ಅವಳ ಮುಖ ನೋಡಿ ಊಟ ಮಾಡಿರಲಿಲ್ಲ.

ಮೆತ್ತನೆಯ ಹಗ್ಗ ಕಂಬದಿಂದ ಆಗುವುದಿಲ್ಲ. ಕಂಬ ಮುಂದೆ ಬರುವುದಿಲ್ಲ. ಮೂರು ದಿನ ತಡೆದು, ನಾಲ್ಕನೆಯ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ. "ಒಂದು ತುದಿ ಹಿಡೀಬೇಕಿತ್ತಮ್ಮ. ಸಣ್ಣದೇ. ನಿಂಗೇ ಅಂತ."

ಅವಳು ಕೈ ಒರೆಸಿಕೊಂಡು ಬಂದಳು.

ಚಿಕ್ಕ ಹಗ್ಗವಾದ್ದರಿಂದ ಅವಳು ನಿಂತದ್ದು ಹತ್ತೇ ಹೆಜ್ಜೆ ದೂರ. ಪಟ್ಟಿಯನ್ನು ಸೊಂಟಕ್ಕೆ ಸುತ್ತಿ, ಗಂಡ ಹಿಡಿಯುತ್ತಿದ್ದಂತೆಯೇ ಹಿಡಿದಳು. ಹುರಿಯಣ್ಣ ಚಕ್ರ ತಿರುಗಿಸಿದ. ಎಳೆಗಳು ಒಂದನ್ನೊಂದು ತಬ್ಬತೊಡಗಿದವು. ಅವಳು ಒಂದು ಹೆಜ್ಜೆ ಮುಂದೆ ಬಂದಳು, ಸರಿಯಾದ ಹೊತ್ತಿಗೆ. ಇನ್ನೊಂದು. ಅವನ ಕೈ ನಿಂತಿತು.

"ಯಾಕೆ ಭಾವ?"

"ಅವನು ಅವತ್ತು ಹೇಳಿದ್ದ ಕಣಮ್ಮ. ಎದೆ ಹಿಡ್ಕೊಂಡ ಹಾಗಿದೆ ಅಂದ."

ಅವಳು ಅಲುಗಲಿಲ್ಲ.

"ಹುರಿ ಅರ್ಧ ಆಗಿತ್ತು. ಈಗ ಬಿಟ್ರೆ ಎಲ್ಲ ಬಿಚ್ಕೊಳ್ಳುತ್ತೆ, ಇದೊಂದು ಮುಗಿಸಿಬಿಡು ಅಂದೆ. ಹೂಂ ಅಂದ. ಮುಗಿಸ್ದ. ಗಂಟೂ ಹಾಕ್ದ. ಆಮೇಲೇ ಕೂತಿದ್ದು."

"ಎಷ್ಟು ಬಾಕಿ ಇತ್ತು?"

"ಹನ್ನೆರಡು ಹೆಜ್ಜೆ."

ಅವಳ ತುಟಿ ಅಲ್ಲಾಡುತ್ತಿತ್ತು. ಎಣಿಸುತ್ತಿದ್ದಾಳೆಂದು ಅವನಿಗೆ ಗೊತ್ತಾಯಿತು. ಹನ್ನೆರಡು ಮುಗಿಯುವವರೆಗೂ ತಲೆ ತಗ್ಗಿಸಿ ನಿಂತ.

"ಆಸ್ಪತ್ರೇಲಿ ಡಾಕ್ಟರು ಕೇಳಿದಾಗ, ಅವನು ಏನೂ ಹೇಳಿರಲಿಲ್ಲ ಅಂದ್ರಲ್ಲ ಭಾವ. ನಾನು ಒಂದು ವರ್ಷ ಅವರನ್ನೇ ಬೈಕೊಂಡೆ. ಬಾಯಿ ಬಿಟ್ಟು ಒಂದು ಮಾತು ಹೇಳಬಾರದಿತ್ತಾ ಅಂತ ಫೋಟೋ ಮುಂದೆ ನಿಂತು ಬೈದೆ."

ಅವಳು ತುದಿ ಬಿಟ್ಟಳು. ಹುರಿಗೊಂಡ ಎಳೆಗಳು ಗಿರ್ರೆಂದು ಹಿಂದಕ್ಕೆ ತಿರುಗಿ, ನೆಲದ ಮೇಲೆ ಹೊರಳಾಡಿ, ಬೇರೆ ಬೇರೆಯಾಗಿ ಮಲಗಿದವು. ಎಲ್ಲ ಸೇರಿ ನಾಲ್ಕು ಉಸಿರಿನಷ್ಟು ಹೊತ್ತು.

"ನೋಡಿ. ಬಿಚ್ಕೊಂಡ್ರೆ ಇಷ್ಟೇ," ಎಂದಳು. ಪಟ್ಟಿ ಕಳಚಿಟ್ಟು ಹೋದಳು.

ಆಮೇಲೆ ಮನೆಯಲ್ಲಿ ಮಾತು ನಿಂತಿತು. ತಟ್ಟೆ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಮೇಲೆ ಮುಚ್ಚಳ, ಪಕ್ಕದಲ್ಲಿ ನೀರು. ಅವಳು ಗಿಡ್ಡ ಹಗ್ಗ ಹಿಡಿದು ಮೈದಾನಕ್ಕೆ ಹೋಗುವುದನ್ನು ಬಿಡಲಿಲ್ಲ. ಅಂದಿನಿಂದ ಶೆಡ್ಡಿಗೆ ಕಾಲಿಡದ ಹುರಿಯಣ್ಣ ಒಂದು ಬೆಳಿಗ್ಗೆ ತಾನೂ ಮೈದಾನಕ್ಕೆ ಹೋದ. ಟೀಚರು ಹಿಂದಿರುಗಿಸಿದ್ದ ಆ ಗಡುಸು ಹಗ್ಗವೇ ಕೈಯಲ್ಲಿ. ಕೊನೆಯ ಮೂಲೆಯಲ್ಲಿ ನಿಂತು ಬೀಸಿದ. ಬಲಗಡೆ ಹೇಗೋ ಹಾಯಿತು. ಎಡಗಡೆ ಬಂದಾಗಲೆಲ್ಲ ತಮ್ಮನ ಆ "ಹೂಂ" ಕೇಳಿಸಿ, ಹಗ್ಗ ಮೊಣಕಾಲಿಗೆ ಬಡಿಯುತ್ತಿತ್ತು.

"ಬೇರೆ ಕೊಡ್ತೀನಿ ಅಣ್ಣಾ, ಮೆತ್ತಗಿದೆ," ಎಂದಳು ಟೀಚರು.

"ಬೇಡ ಮೇಡಂ. ಇದೇ ಇರ್ಲಿ."

ತಿಂಗಳ ಮೇಲಾಯಿತು. ಎಡಗಾಲು ನೀಲಿಗಟ್ಟಿ ಊದಿಕೊಂಡಿತ್ತು. ಒಂದು ದಿನ ಬೀಸುತ್ತಿರುವಾಗ ಯಾರೋ ಹತ್ತಿರ ಬಂದು ನಿಂತದ್ದು ಕಂಡಿತು. ತಮ್ಮನ ಹೆಂಡತಿ. ಅವಳ ಕಣ್ಣು ಅವನ ಮುಖದ ಮೇಲಿರಲಿಲ್ಲ, ಕಾಲಿನ ಮೇಲಿತ್ತು.

"ಎಡಗೈ ಕೆಳಗಿಳಿಸಿ," ಎಂದಳು. "ಸುಮ್ನೆ ಹೊಡ್ಕೋತಿದೀರ."

ಅವನು ಕೈ ಇಳಿಸಿದ. ಹಗ್ಗ ತಾಗದೆ ಹಾದುಹೋಯಿತು. ತಲೆಯೆತ್ತಿ ನೋಡುವಷ್ಟರಲ್ಲಿ ಅವಳು ತನ್ನ ಜಾಗಕ್ಕೆ ಹೋಗಿ, ಅವನಿಗೆ ಬೆನ್ನು ಮಾಡಿ ಬೀಸುತ್ತಿದ್ದಳು.