ಶಾಂತಳಾದೆ, ಸುಮ್ಮನಾಗಲಿಲ್ಲ

ನನ್ನನ್ನು ಕಾಯಿಲೆಗೆ ಕೆಡವಿದ್ದು ನಾನು ಇತಿಹಾಸ ಪಾಠ ಮಾಡುವ ಮಳವಳ್ಳಿಯ ಖಾಸಗಿ ಪದವಿಪೂರ್ವ ಕಾಲೇಜಿನ ಆಡಳಿತ ಮಂಡಳಿ. ಕೋಪದ ಭರದಲ್ಲಿ ಬರೆದ ಮಾತು ಎಂದು ತಳ್ಳಿಹಾಕಬೇಡಿ. ಕೋಪ ನೆತ್ತಿಗೇರಿದ್ದಾಗ ನನ್ನ ಕೈ ನಡುಗುತ್ತಿತ್ತು, ಅಕ್ಷರ ಮೂಡುತ್ತಿರಲಿಲ್ಲ. ಈಗ ಕೈ ಸ್ಥಿರವಾಗಿದೆ, ಆದ್ದರಿಂದಲೇ ಬರೆಯುತ್ತಿದ್ದೇನೆ.

ನಮ್ಮ ಕಾಲೇಜಿನ ಬೆಳಗಿನ ಸಭೆಗೊಂದು ಪದ್ಧತಿಯಿದೆ. ಪ್ರಾಂಶುಪಾಲರು ಸಭೆ ನಡೆಸುತ್ತಾರೆ, ಉಪನ್ಯಾಸಕರೆಲ್ಲ ಕುಳಿತಿರುತ್ತಾರೆ. ಯಾರ ವಿಷಯದಲ್ಲಿ ಫಲಿತಾಂಶ ಇಳಿದಿದೆಯೋ, ಯಾರು ಬೇಸಿಗೆಯಲ್ಲಿ ಸಾಕಷ್ಟು ಅಡ್ಮಿಷನ್ ತಂದಿಲ್ಲವೋ ಅವರು ಸಭೆ ಮುಗಿಯುವವರೆಗೆ ನಿಂತಿರಬೇಕು. ಮಕ್ಕಳನ್ನು ಹೀಗೆ ನಿಲ್ಲಿಸಿದರೆ ಪೋಷಕರು ಕೇಳಲು ಬರುತ್ತಾರೆ. ಉಪನ್ಯಾಸಕಿಯನ್ನು ನಿಲ್ಲಿಸಿದರೆ ಅದಕ್ಕೆ 'ಪ್ರೇರಣೆ' ಎಂದು ಹೆಸರು. ಮನೆ ಸೇರಿದ ಮೇಲೂ ವಾಟ್ಸಾಪ್ ಗ್ರೂಪಿನಲ್ಲಿ ಆಡಳಿತಾಧಿಕಾರಿಯ ಸಂದೇಶ ಬರುತ್ತಿತ್ತು. ತಕ್ಷಣ 'ಓಕೆ ಸರ್' ಎನ್ನದವರು ಮರುದಿನ ನಿಲ್ಲುವವರ ಸಾಲಿಗೆ ಸೇರುತ್ತಿದ್ದರು. ನನ್ನ ದೇಹ ಈ ಪಾಠವನ್ನು ಕಂಠಪಾಠ ಮಾಡಿಕೊಂಡಿತು. ಕುಕ್ಕರಿನ ಸೀಟಿಗೆ ಬೆಚ್ಚಿಬೀಳುತ್ತಿದ್ದೆ. ಮದ್ದೂರಿನ ನಮ್ಮ ಮನೆಯಿಂದ ಹೊರಟು ಬಸ್ಸು ಮಳವಳ್ಳಿ ತಲುಪುವಷ್ಟರಲ್ಲಿ ದವಡೆ ಬಿಗಿದು ಹಲ್ಲೆಲ್ಲ ನೋಯುತ್ತಿತ್ತು. ಹುಳುಕಿರಬೇಕೆಂದು ತೋರಿಸಿದರೆ, "ಹಲ್ಲಿಗೇನೂ ಆಗಿಲ್ಲ, ನೀವು ಕಚ್ಚೋದು ಬಿಡಿ" ಎಂದರು ದಂತವೈದ್ಯರು.

ಹೋದ ಬೇಸಿಗೆಯಲ್ಲಿ ಕಾಲೇಜಿನ ಕರಪತ್ರ ಹಿಡಿದು ಪೂರಿಗಾಲಿ ಎಂಬ ಹಳ್ಳಿಯಲ್ಲಿ ಮನೆ ಮನೆ ತಿರುಗುತ್ತಿದ್ದೆ. ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳನ್ನು ನಮ್ಮಲ್ಲಿಗೆ ಸೇರಿಸಿ ಎಂದು ಕೇಳಿಕೊಳ್ಳುವುದೂ ಉಪನ್ಯಾಸಕರ ಕೆಲಸ. ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಿದ್ದ ಅಜ್ಜಿಯೊಬ್ಬರು ಕೈಯ ಕರಪತ್ರ ನೋಡಿ, "ಓಟಿಗೆ ನಿಂತಿದ್ದೀಯೇನವ್ವಾ?" ಎಂದರು.

"ಇಲ್ಲಜ್ಜಿ, ಕಾಲೇಜಿಂದ ಬಂದಿದ್ದೀನಿ. ನಿಮ್ಮ ಮನೇಲಿ ಹತ್ತನೇ ಕ್ಲಾಸ್ ಮುಗಿಸಿದ ಮಕ್ಕಳಿದ್ದಾರಾ?"

"ಅಂಗಾರೆ ಅದೂ ಓಟು ಕೇಳ್ದಂಗೇ ಬುಡು. ಕೂತ್ಕೊ ಬಾ, ಮೊಕ ಎಲ್ಲಾ ಬೆವತೋಗದೆ ಕಣಮ್ಮ."

ಕುಳಿತೆ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಆಡಳಿತಾಧಿಕಾರಿ. "ಎಷ್ಟು ಮನೆ ಆಯ್ತು ಮೇಡಂ?" ಉತ್ತರ ಹೇಳಲು ಬಾಯಿ ತೆರೆದರೆ ತುಟಿ ಜೋಮು ಹಿಡಿದಿತ್ತು, ಬೆರಳು ಸೆಟೆದುಕೊಂಡಿದ್ದವು, ಎದೆಯ ಮೇಲೆ ಒರಳುಕಲ್ಲು ಇಟ್ಟಂತಿತ್ತು. ಸತ್ತೇಹೋಗುತ್ತೇನೆಂದುಕೊಂಡೆ. ಅಜ್ಜಿ ಕೂಗಿದರು, ಯಾರೋ ಆಟೋ ತಂದರು. ಆಸ್ಪತ್ರೆಯಲ್ಲಿ ಇಸಿಜಿ ಮಾಡಿ, ಹೃದಯ ಚೆನ್ನಾಗಿದೆ ಎಂದರು. ಬಹುಕಾಲದ ಒತ್ತಡ, ಮಂಡ್ಯದಲ್ಲಿ ಆಪ್ತಸಮಾಲೋಚಕರನ್ನು ಕಾಣಿ ಎಂದು ಕಳಿಸಿದರು.

ಮಂಡ್ಯದ ಆ ಸಮಾಲೋಚಕಿ ನನಗೆ ಧೈರ್ಯ ಹೇಳಲಿಲ್ಲ. ಅಪಾಯ ಎದುರಾದಾಗ ನರಮಂಡಲ ದೇಹವನ್ನು ಓಟಕ್ಕೋ ಹೋರಾಟಕ್ಕೋ ಸಜ್ಜುಗೊಳಿಸುತ್ತದೆ. ಅಪಾಯ ದಿನವೂ ಬರತೊಡಗಿದರೆ ಆ ಸಜ್ಜು ಇಳಿಯುವುದನ್ನೇ ಮರೆಯುತ್ತದೆ, ಇಳಿಯುವುದನ್ನು ಮತ್ತೆ ಕಲಿಸಬೇಕು ಎಂದರು. ಉಸಿರನ್ನು ಎಳೆದುದಕ್ಕಿಂತ ನಿಧಾನವಾಗಿ ಬಿಡುವುದು, ಪಾದದ ಭಾರವನ್ನು ನೆಲಕ್ಕೆ ಒಪ್ಪಿಸುವುದು, ಕಣ್ಣಿಗೆ ಬಿದ್ದದ್ದನ್ನು ಒಂದೊಂದಾಗಿ ಹೆಸರಿಸುತ್ತ ನೋಡುವುದು, ಇಷ್ಟೇ ಪಾಠ.

ಅಮ್ಮನಿಗೆ ನಗು. "ಉಸ್ರು ಬುಡೋದ್ನ ಕಲಿಯಕ್ಕೆ ಮಂಡ್ಯಕ್ಕೆ ಓಗ್ಬೇಕೇನವ್ವಾ? ಮದ್ದೂರಲ್ಲಿ ಗಾಳಿ ಇಲ್ವಾ?" ಎಂದು ಛೇಡಿಸುತ್ತಲೇ ಪಕ್ಕದಲ್ಲಿ ಕುಳಿತು ತಾನೂ ಉಸಿರು ಬಿಡುತ್ತಿದ್ದಳು. ಮೊದಮೊದಲು ಉಸಿರನ್ನು ಗಮನಿಸಿದರೇ ದಿಗಿಲು ಹೆಚ್ಚುತ್ತಿತ್ತು. ಬೇಸತ್ತು ಬಿಟ್ಟೆ, ಮತ್ತೆ ಹಿಡಿದೆ. ಬಸ್ಸಿನ ಕಿಟಕಿಯಲ್ಲಿ ಎಳನೀರಿನ ಲಾರಿ, ಕಬ್ಬಿನ ಗದ್ದೆ, ಕಟ್ಟೆಯ ಮೇಲೆ ಒಣಗುವ ಸೀರೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತ ಹೋದೆ. ಮಳೆಗಾಲ ಕಳೆಯುವಷ್ಟರಲ್ಲಿ ದವಡೆ ಸಡಿಲಗೊಂಡಿತ್ತು. ಭಯ ಬರುತ್ತಿತ್ತು, ಬಂದು ಹೋಗುತ್ತಿತ್ತು.

ಆಗ ಆಡಳಿತಾಧಿಕಾರಿ ನನ್ನನ್ನು ಕೊಠಡಿಗೆ ಕರೆಸಿದರು. ಭಾನುವಾರ ಉಪನ್ಯಾಸಕರಿಗೆ ಒತ್ತಡ ನಿರ್ವಹಣೆಯ ತರಬೇತಿ; ಬಾರದವರಿಗೆ ರಜೆ ಕಡಿತ! "ನೀವು ಹುಷಾರಾದ್ರಲ್ಲ ಮೇಡಂ, ಎಲ್ಲರಿಗೂ ಉಸಿರಾಟ ಹೇಳ್ಕೊಡಿ. ನನ್ನ ವೀಕ್‌ನೆಸ್ಸನ್ನ ನಾನೇ ಗೆದ್ದೆ ಅಂತ ಒಂದು ಮಾತು ಸೇರಿಸಿ. ಮುಂದಿನ ವರ್ಷದ ಆರ್ಡರ್ ನಾನು ನೋಡ್ಕೋತೀನಿ."

ನಮಗೆ ನೇಮಕಾತಿ ಆದೇಶ ವರ್ಷಕ್ಕೊಮ್ಮೆ ಹೊಸದಾಗಿ ಬರಬೇಕು. ಅದು ಬಾರದಿದ್ದರೆ ಕೆಲಸವಿಲ್ಲ. ಒಂದು ಸುಳ್ಳು ಹೇಳಿದರೆ ಕೆಲಸ ಉಳಿಯುತ್ತಿತ್ತು.

ಭಾನುವಾರ ಉಸಿರಾಟವನ್ನು ಮನಸ್ಸಿಟ್ಟು ಹೇಳಿಕೊಟ್ಟೆ. ನನ್ನ ಸಹೋದ್ಯೋಗಿಗಳಿಗೆ ಅದು ಬೇಕಿತ್ತು. ಆಮೇಲೆ ಹೇಳಿದೆ: "ಇದು ನನ್ನನ್ನು ಉಳಿಸಿತು. ಕೆಡವಿದ್ದು ಬೆಳಗಿನ ಸಭೆ. ಇನ್ನು ಮುಂದೆ ಅಲ್ಲಿ ನಾನು ನಿಲ್ಲುವುದಿಲ್ಲ."

ಆಡಳಿತಾಧಿಕಾರಿ ನಕ್ಕರು. "ಶಾಂತಿ ಕಲಿತು ಬಂದೋರು ಜಗಳಕ್ಕೆ ಬಂದ್ರಲ್ಲ ಮೇಡಂ!"

"ಇದನ್ನು ಮೊದಲೇ ಹೇಳಬೇಕಿತ್ತು ಸರ್. ಗಂಟಲು ಬಿಡುತ್ತಿರಲಿಲ್ಲ."

ಮುಂದಿನ ಸಾಲಿನಿಂದ ರಸಾಯನಶಾಸ್ತ್ರದ ಹಿರಿಯ ಮೇಷ್ಟ್ರು ಪಿಸುಗುಟ್ಟಿದರು: "ಸಾಕು ಬುಡವ್ವಾ, ಆರ್ಡರ್ ಓಯ್ತದೆ." ಉಳಿದವರು ತಲೆ ತಗ್ಗಿಸಿ ನೋಟ್‌ಬುಕ್ಕಿನಲ್ಲಿ ಏನೋ ಬರೆಯತೊಡಗಿದರು. ನಾನು ಅವರನ್ನು ದೂರುವುದಿಲ್ಲ. ಅವರ ಗಂಟಲನ್ನೂ ಹಿಡಿದಿರುವುದು ಅದೇ ಕೈ.

ಮರುದಿನದ ಸಭೆಯಲ್ಲಿ ನನ್ನ ಹೆಸರು ಕೂಗಿದರು. ನಾನು ಏಳಲಿಲ್ಲ. ಎದೆ ಡವಡವ ಎನ್ನುತ್ತಿತ್ತು, ಸುಳ್ಳೇಕೆ? ಪಾದವನ್ನು ನೆಲಕ್ಕೊತ್ತಿ, ನಿಧಾನವಾಗಿ ಉಸಿರು ಬಿಟ್ಟು, ಪ್ರಾಂಶುಪಾಲರ ಮುಖವನ್ನೇ ನೋಡುತ್ತ ಕುಳಿತಿದ್ದೆ. ಮತ್ತೊಮ್ಮೆ ಕೂಗಿದರು. ಆಮೇಲೆ ಮುಂದಿನ ವಿಷಯಕ್ಕೆ ಹೋದರು.

ಈ ವರ್ಷ ಎಲ್ಲರಿಗೂ ಆದೇಶ ಬಂದಿದೆ, ನನಗೆ ಬಂದಿಲ್ಲ. ಕಾರಣ ಕೇಳಿದರೆ, "ನಿಮ್ಮ ಆರೋಗ್ಯದ ದೃಷ್ಟಿಯಿಂದ" ಎನ್ನುತ್ತಾರೆ. ಆರೋಗ್ಯ ಕೆಡಿಸಿದವರೇ ಅದು ಕೆಟ್ಟದ್ದನ್ನು ನೆಪ ಮಾಡುವುದು ನ್ಯಾಯವೇ? ಆಡಳಿತ ಮಂಡಳಿಯವರೇ, ನಿಮ್ಮ ಯಂತ್ರ ಸದ್ದಿಲ್ಲದೆ ತಿರುಗಲೆಂದು ನನ್ನ ಉಸಿರನ್ನು ಎಣ್ಣೆಯಾಗಿ ಎರೆಯಲಾರೆ. ನರಮಂಡಲಕ್ಕೆ ನೆಮ್ಮದಿ ಕಲಿಸಿಕೊಂಡದ್ದು ಅನ್ಯಾಯವನ್ನು ಸಹಿಸುವುದಕ್ಕಲ್ಲ, ಅದರ ಎದುರು ಪ್ರಜ್ಞೆ ತಪ್ಪದೆ ಮಾತಾಡುವುದಕ್ಕೆ.

ಆದ್ದರಿಂದ ಆಡಳಿತ ಮಂಡಳಿಯ ಮಾನ್ಯ ಸದಸ್ಯರಲ್ಲಿ ಔಪಚಾರಿಕವಾಗಿ ಕೋರುತ್ತೇನೆ. ಉಪನ್ಯಾಸಕರನ್ನು ಸಭೆಯಲ್ಲಿ ನಿಲ್ಲಿಸುವ ಅಧಿಕಾರ ಯಾವ ನಿಯಮದಿಂದ ಬಂದಿತು ಎಂಬುದನ್ನೂ, ನನ್ನ ಆದೇಶವನ್ನು ತಡೆದ ನಿಜವಾದ ಕಾರಣವನ್ನೂ ಲಿಖಿತವಾಗಿ ತಿಳಿಸಬೇಕು. ಆ ಪದ್ಧತಿಯನ್ನೂ, ಕೆಲಸದ ಹೊತ್ತು ಮೀರಿದ ಸಂದೇಶಗಳನ್ನೂ ಕೂಡಲೇ ನಿಲ್ಲಿಸಬೇಕು. ತರಗತಿಗಳು ಆರಂಭವಾಗುವ ಮುನ್ನ ನನ್ನ ಆದೇಶವನ್ನು ನೀಡಬೇಕು. ನೀಡಲಾಗದಿದ್ದರೆ, ನನ್ನನ್ನು ಎದುರಿಗೆ ಕರೆಸಿ, ಸಹೋದ್ಯೋಗಿಗಳ ಸಮ್ಮುಖದಲ್ಲಿ ವಿಚಾರಣೆ ನಡೆಸಬೇಕು. ತಮ್ಮ ಉತ್ತರವನ್ನು ನಿರೀಕ್ಷಿಸುತ್ತಿದ್ದೇನೆ.